ಶತ್ರುಗಳೇ ವಾಸಿ

ವರ್ಷದಲ್ಲಿ ಎರಡು ದಿನ ನಮಗೆ ಕೋಟೆಗಳ ನೆನಪಾಗುತ್ತದೆ. ಏಪ್ರಿಲ್ 18, ವಿಶ್ವ ಪರಂಪರೆ ದಿನ. ಸೆಪ್ಟೆಂಬರ್ 27, ವಿಶ್ವ ಪ್ರವಾಸೋದ್ಯಮ ದಿನ. ಎರಡು ದಿನವೂ ಸಭಾಂಗಣ ಅದೇ, ಶಾಲು ಅದೇ, ಭಾಷಣ ಅದೇ. "ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರವಾಸೋದ್ಯಮಕ್ಕೆ ವಿಪುಲ ಅವಕಾಶವಿದೆ." ಚಪ್ಪಾಳೆ. ಉಪ್ಪಿಟ್ಟು, ಶಿರಾ, ಚಹಾ. ವಂದನಾರ್ಪಣೆ.

ಅವಕಾಶ ವಿಪುಲವಾಗಿದೆ ಎಂಬುದು ಸುಳ್ಳಲ್ಲ. ಅದು ನಾವು ಹುಟ್ಟುವ ಮೊದಲೂ ಇತ್ತು. ಯಾರೂ ಕೈ ಹಚ್ಚದ ಕಾರಣ ಈಗಲೂ ಹಾಗೇ ಇದೆ. ಬಳಸದೇ ಇಟ್ಟಿದ್ದು ಖರ್ಚಾಗುವುದಾದರೂ ಹೇಗೆ?

ಆದರೆ ಕೋಟೆ ಮಾತ್ರ ಖರ್ಚಾಗುತ್ತಿದೆ.

ಕಾರವಾರದಿಂದ ಗೋವಾಕ್ಕೆ ಹೊರಟವರು ಕೋಡಿಬಾಗ ದಾಟಿ ಕಾಳಿ ಸೇತುವೆ ಏರಿದೊಡನೆ ಎದುರಿಗೆ ಒಂದು ಗುಡ್ಡ ಕಾಣುತ್ತದೆ. ಅದೇ ಸದಾಶಿವಗಡ. ಎಡಕ್ಕೆ ಅರಬ್ಬಿ ಸಮುದ್ರ, ಬುಡದಲ್ಲಿ ಕಾಳಿ ನದಿ, ಆಚೆ ಬದಿಗೆ ದೇವಬಾಗದ ಗಾಳಿಮರಗಳು. ಈ ಗುಡ್ಡದ ಮೇಲೆ ನಿಂತವನ ಕಣ್ಣು ತಪ್ಪಿಸಿ ಒಂದು ದೋಣಿಯೂ ನದಿಯೊಳಗೆ ನುಗ್ಗಲಾರದು. ಘಟ್ಟದ ಕಾಳುಮೆಣಸು ಇಳಿದು ಬರುತ್ತಿದ್ದುದು ಇದೇ ದಾರಿಯಲ್ಲಿ. ಮೆಣಸಿಗಾಗಿ ಯುರೋಪು ಸಮುದ್ರ ದಾಟಿ ಬಂತು. ಮೆಣಸು ಬೆಳೆದವರ ನೆಲದಲ್ಲಿ ಕೂತ ನಾವು ಈ ಗುಡ್ಡವನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತೇವೆ. ಗೋವಾದಲ್ಲಿ ಕೋಟೆ ನೋಡಬೇಕಲ್ಲ, ತಡವಾಗುತ್ತದೆ.

ಕಟ್ಟಿದ್ದು ಯಾರು ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ "ಶಿವಾಜಿ" ಎನ್ನುತ್ತಾರೆ. ಉಳಿದಿಬ್ಬರು ಮೊಬೈಲು ತೆಗೆಯುತ್ತಾರೆ. ಮೊಬೈಲೂ ಒಮ್ಮೊಮ್ಮೆ ಅದನ್ನೇ ಹೇಳುತ್ತದೆ.

ಶಿವಾಜಿ ಮಹಾರಾಜರು ಕಾರವಾರಕ್ಕೆ ಬಂದಿದ್ದು ನಿಜ. 1665ರಲ್ಲಿ ಬಂದು ಊರಿನಿಂದ ಕಾಣಿಕೆ ಎತ್ತಿದರು. ಇಲ್ಲಿ ಕೋಠಿ ಇಟ್ಟುಕೊಂಡಿದ್ದ ಇಂಗ್ಲಿಷರ ಪಾಲಿಗೆ 112 ಪೌಂಡ್ ಬಿತ್ತು. 1675ರ ಹೊತ್ತಿಗೆ ಕಾರವಾರ, ಅಂಕೋಲೆ ಎರಡೂ ಅವರ ಕೈಗೆ ಬಂದವು. 1680ರಲ್ಲಿ ಅವರು ತೀರಿಕೊಂಡರು. ಹಳೇ ಬಾಂಬೆ ಗೆಜೆಟಿಯರ್ ಹೇಳುವಂತೆ ಸದಾಶಿವಗಡ ಎದ್ದಿದ್ದು 1715ರಲ್ಲಿ. ಕಟ್ಟಿಸಿದವನು ಸೋದೆಯ ಅರಸು ಬಸವಲಿಂಗ. ಹೆಸರಿಟ್ಟಿದ್ದು ತನ್ನ ತಂದೆ ಸದಾಶಿವನದ್ದು. ಸತ್ತವರ ಹೆಸರಿನಲ್ಲಿ ಕಾಮಗಾರಿ ನಡೆಸಿ ಬಿಲ್ಲು ಎತ್ತುವುದು ನಮ್ಮ ಕಾಲದ ವಿದ್ಯೆ. ಆಗಿನವರಿಗೆ ಅದು ಗೊತ್ತಿರಲಿಲ್ಲ.

ಸೋದೆ ಎಲ್ಲಿದೆ? ಇದೇ ಜಿಲ್ಲೆಯಲ್ಲಿ, ಶಿರಸಿ ತಾಲ್ಲೂಕಿನಲ್ಲಿ. ಕನ್ನಡದ ಅರಸು, ಪಕ್ಕದ ಮನೆಯವನು. ಅದಕ್ಕೇ ಅವನ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಗಡಿ ವಿವಾದ ಎದ್ದಾಗ "ಕಾರವಾರ ನಮ್ಮದು" ಎಂದು ರಸ್ತೆಗಿಳಿಯುತ್ತೇವೆ. ಗಡಿಯಾಚೆಯವರೂ ಅದೇ ಮಾತು ಕೂಗುತ್ತಾರೆ. ಕೂಗಾಟ ಮುಗಿದ ಮೇಲೆ ಎರಡೂ ಕಡೆಯವರು ಸೇರಿ ಕೋಟೆಯನ್ನು ಶಿವಾಜಿಗೆ ಬರೆದುಕೊಟ್ಟು ಮನೆಗೆ ಹೋಗುತ್ತಾರೆ. ಕಟ್ಟಿದವನಿಗೆ ಮಾತ್ರ ಪಹಣಿಯಲ್ಲಿ ಜಾಗವಿಲ್ಲ.

ರವೀಂದ್ರನಾಥ ಠಾಕೂರರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಅವರಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಆಸುಪಾಸಿನ ತರುಣ ಕವಿ ಕಾರವಾರಕ್ಕೆ ಬಂದರು. ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ಹತ್ತಿದರು. ದಂಡೆಯ ಗುಡ್ಡದ ಮೇಲೆ ಕಂಡ ಹಳೇ ಕೋಟೆಯನ್ನು ತಮ್ಮ ಜೀವನಸ್ಮೃತಿಯಲ್ಲಿ ಶಿವಾಜಿಯದ್ದೆಂದೇ ದಾಖಲಿಸಿದರು. ಕವಿ, ಪರಊರಿನವರು, ದೋಣಿಯಲ್ಲಿ ಜತೆಗಿದ್ದವರು ಹೇಳಿದ್ದನ್ನು ಕೇಳಿರಬೇಕು. ಅವರನ್ನು ಬಿಡೋಣ. ಈ ನೂರನಲವತ್ತು ವರ್ಷಗಳಲ್ಲಿ ನಾವೇನು ಮಾಡುತ್ತಿದ್ದೆವು? ಕಡಲತೀರಕ್ಕೆ ಕವಿಯ ಹೆಸರಿಟ್ಟೆವು. ಅಲ್ಲಿಗೆ ಸಂಸ್ಕೃತಿಯ ಖಾತೆ ಚುಕ್ತಾ.

ಈಗ ಈ ಕೋಟೆಯ ಶತ್ರುಗಳ ಪಟ್ಟಿ ನೋಡೋಣ. ಉದ್ದ ಇದೆ, ಆದರೆ ಮರ್ಯಾದಸ್ಥರ ಪಟ್ಟಿ.

ಮೊದಲು ಇಂಗ್ಲಿಷರು. ಕಡವಾಡದ ಬಳಿ ಅವರ ಕೋಠಿ ಇತ್ತು. 1638ರಿಂದಲೂ ಇಲ್ಲಿ ಬಟ್ಟೆ, ಮೆಣಸಿನ ವ್ಯಾಪಾರ. ನದಿಯ ಬಾಯಲ್ಲಿ ಹೊಸ ಕೋಟೆ ಎದ್ದಕೂಡಲೇ ಅವರ ನಿದ್ದೆ ಕೆಟ್ಟಿತು. ಸೋದೆಯವರೊಂದಿಗೆ ಜಗಳ ಬೆಳೆಯಿತು. 1720ರಲ್ಲಿ ಕೋಠಿ ಮುಚ್ಚಿ ಹೊರಟರು. ಅಂದರೆ ಕಟ್ಟಿ ಐದೇ ವರ್ಷದಲ್ಲಿ ಕೋಟೆ ಒಂದು ವಿಲಾಯತಿ ಕಂಪನಿಯನ್ನು ಊರು ಬಿಡಿಸಿತು. ಕಂಪನಿ ಬಂದರೆ ಸಾಕೆಂದು ಕೆಂಪು ಹಾಸು ಹಿಡಿದು ಓಡುವ ನಮಗೆ ಇದು ಪುರಾಣದಂತೆ ಕೇಳಿಸಬಹುದು.

ಆಮೇಲೆ ಪೋರ್ಚುಗೀಸರು. ಈ ದಂಡೆ ಅವರಿಗೆ ಹೊಸದಲ್ಲ. ಸದಾಶಿವಗಡ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಇಲ್ಲಿಯ ಚಿತ್ತಾಕುಲವನ್ನು ಅವರು ಸಿಂತಾಕೋರಾ ಎಂದು ಬರೆದಿಟ್ಟುಕೊಂಡಿದ್ದರು. 1752ರಲ್ಲಿ ಗೋವಾದಿಂದ ನೌಕಾಪಡೆ ತಂದು ಕೋಟೆ ಹಿಡಿದರು. ಪೀರೋ ಎಂದು ಹೆಸರಿಟ್ಟರು. ಪಕ್ಕದ ಪೀರರ ದರ್ಗಾದಿಂದ ಬಂದ ಹೆಸರೆಂದು ಹೇಳುತ್ತಾರೆ. ನೋಡಿ, ಕ್ರೈಸ್ತ ದೊರೆಯ ಪಡೆ, ಶಿವಭಕ್ತ ಅರಸು ಕಟ್ಟಿದ ಕೋಟೆ, ಮುಸ್ಲಿಂ ಸಂತನ ಹೆಸರು. ಇವತ್ತು ಇಂಥದ್ದೊಂದು ಹೆಸರಿಡಲು ಹೋದರೆ ಊರಿನಲ್ಲಿ ನಿಷೇಧಾಜ್ಞೆ ಜಾರಿಯಾಗುತ್ತದೆ.

ಸ್ವಲ್ಪ ಕಾಲದಲ್ಲೇ ಕೋಟೆ ಸೋದೆಯವರಿಗೆ ಮರಳಿತು. 1763ರಲ್ಲಿ ಹೈದರಾಲಿಯ ಪಡೆ ಬಂತು. ಸೋದೆಯ ಇಮ್ಮಡಿ ಸದಾಶಿವ ಗೋವಾಕ್ಕೆ ಓಡಿದ. ಆ ಮನೆತನ ಪೋಂಡಾದ ಬಾಂದಿವಡೆಯಲ್ಲಿ ನೆಲೆ ನಿಂತಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ದಂಡು ಬಂತು, ಇಂಗ್ಲಿಷರು ಸದಾಶಿವಗಡ ಹಿಡಿದರು. ಅದೇ ವರ್ಷ ಮ್ಯಾಥ್ಯೂಸ್ ಬಿದನೂರಿನಲ್ಲಿ ಟಿಪ್ಪುವಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸತ್ತ. 1799ರಲ್ಲಿ ಟಿಪ್ಪುವೂ ಹೋದ. ಎಲ್ಲವೂ ಕಂಪನಿ ಸರಕಾರದ ಕೈಗೆ ಬಂತು.

ಇಷ್ಟು ಜನ ಹೊಡೆದಾಡಿದರು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಒಬ್ಬರ ದೇವರು ಒಬ್ಬರಿಗೆ ಆಗುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು: ಈ ಕೋಟೆ ಬೇಕು. ಬೇಕಾದ್ದಕ್ಕೇ ಹಿಡಿದರು, ಹಿಡಿದ ಮೇಲೆ ಕಾವಲು ಇಟ್ಟರು. ಗೋಡೆಯಲ್ಲಿ ಅರಳಿ ಸಸಿ ಎದ್ದರೆ ಕಿತ್ತುಹಾಕದ ಕಿಲ್ಲೇದಾರ ಯಾವ ಕಾಲದಲ್ಲೂ ಉಳಿಯುತ್ತಿರಲಿಲ್ಲ. ಗೋಡೆಯ ಮರ ಶತ್ರುವಿಗೆ ಏಣಿ ಎಂಬುದು ಅವನಿಗೆ ಗೊತ್ತಿತ್ತು.

ಈಗ ಆ ಸಸಿ ಮರವಾಗಿದೆ. ಹತ್ತಿರ ಹೋಗಿ ನೋಡಿ. ಬೇರು ಚಿರೇಕಲ್ಲಿನ ಸಂದಿಗೆ ನುಗ್ಗಿ, ಎರಡು ಕಲ್ಲುಗಳ ನಡುವೆ ದಪ್ಪವಾಗಿ, ಮೇಲಿನ ವರಸೆಯನ್ನು ಹೊರಕ್ಕೆ ತಳ್ಳಿದೆ. ಪ್ರತಿ ಮಳೆಗಾಲ ಬಿರುಕಿಗೆ ನೀರು ಇಳಿಯುತ್ತದೆ, ಬೇರು ಇನ್ನೊಂದಿಷ್ಟು ಉಬ್ಬುತ್ತದೆ, ಒಂದು ಕಲ್ಲು ಸಡಿಲವಾಗುತ್ತದೆ. ಸಡಿಲವಾದ ಕಲ್ಲಿನ ಮೇಲೆ ಮೊಳೆಯಲ್ಲಿ ಕೆತ್ತಿದ ಹೃದಯ, ಅದರೊಳಗೆ ಎರಡು ಹೆಸರು. ಕೆಳಗಿನ ಪೊದೆಯಲ್ಲಿ ಬಿಯರ್ ಬಾಟಲಿ, ಚಿಪ್ಸ್ ಪೊಟ್ಟಣ, ಒಂಟಿ ಚಪ್ಪಲಿ. ಪೋರ್ಚುಗೀಸರ ನೌಕಾಪಡೆಗೆ ಆಗದ್ದನ್ನು ಒಂದು ಅರಳಿ ಮರ ಮತ್ತು ಒಂದು ಪ್ರೇಮಿ ಜೋಡಿ ಸೇರಿ ಸಾಧಿಸುತ್ತಿದ್ದಾರೆ. ಯಾವ ಇಲಾಖೆಯೂ ಅಡ್ಡ ಬರುವುದಿಲ್ಲ. ಅಡ್ಡ ಬರಬೇಕಾದದ್ದು ಯಾವ ಇಲಾಖೆ ಎಂಬ ಪತ್ರವ್ಯವಹಾರವೇ ಇನ್ನೂ ಮುಗಿದಿರಲಿಕ್ಕಿಲ್ಲ.

ಮರ, ಪ್ರೇಮಿಗಳು ಸಣ್ಣವರು. ದೊಡ್ಡ ಶತ್ರು ಬಂದಿದ್ದು ಹೆದ್ದಾರಿಯ ರೂಪದಲ್ಲಿ.

ಕಾಳಿಗೆ ಸೇತುವೆ ಬೇಕಿತ್ತು. ಯಾರೂ ಬೇಡ ಅನ್ನಲಿಲ್ಲ. ಬಾರ್ಜಿಗೆ ಕಾದು ಕಾದು ಬೇಸತ್ತ ಊರು ಇದು. ಆದರೆ ಸೇತುವೆಯಿಂದ ಮುಂದಕ್ಕೆ ದಾರಿ ಹೋಗಬೇಕಲ್ಲ, ಎದುರಿಗೆ ಕೋಟೆಯ ಗುಡ್ಡ. ಬಳಸಿ ಹೋಗಬಹುದಿತ್ತು. ಹೋಗಲಿಲ್ಲ. ಸೀಳಿದರು. ಕೋಟೆ ಎರಡು ಪಾಲಾಯಿತು, ನಡುವೆ ಡಾಂಬರು ಬಿತ್ತು. ಮುನ್ನೂರು ವರ್ಷದಲ್ಲಿ ಯಾವ ಶತ್ರುವಿಗೂ ಹೊಳೆಯದ ಉಪಾಯ. ಅವರೆಲ್ಲ ಮೂರ್ಖರು, ಬಾಗಿಲಿನಿಂದ ಒಳಗೆ ಹೋಗಲು ಜೀವ ತೆತ್ತರು.

ಆ ಸೇತುವೆಯ ಕತೆ ಏನಾಯಿತು? 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಕುಸಿದು ಕಾಳಿಗೆ ಬಿತ್ತು. ಮೇಲಿದ್ದ ಒಂದು ಲಾರಿಯೂ ಬಿತ್ತು. ಚಾಲಕ ಬದುಕಿದ್ದು ಅವನ ಪುಣ್ಯ ಮತ್ತು ಕತ್ತಲಲ್ಲಿ ನೀರಿಗಿಳಿದ ಮೀನುಗಾರರ ಧೈರ್ಯ. ಸೇತುವೆಗೆ ಆಗ ಸುಮಾರು ನಲವತ್ತು ವರ್ಷ. ಕೋಟೆಗೆ ಮುನ್ನೂರು. ಪಕ್ಕದಲ್ಲಿ ಚತುಷ್ಪಥಕ್ಕೆಂದು ಕಟ್ಟಿದ ಹೊಸ ಸೇತುವೆ ಇತ್ತು, ಊರು ಬಚಾವಾಯಿತು.

ಲೆಕ್ಕ ಹಾಕಿ. ಯಾವ ಸೇತುವೆಗಾಗಿ ಗುಡ್ಡ ಕಡಿದರೋ ಆ ಸೇತುವೆ ಇಲ್ಲ. ಕಡಿದ ಗಾಯ ಮಾತ್ರ ಹಾಗೇ ಇದೆ. ಸೋದೆಯ ಅರಸನ ಬಳಿ ಸಿಮೆಂಟು, ಉಕ್ಕು, ಮೂರನೇ ವ್ಯಕ್ತಿಯ ಗುಣಮಟ್ಟ ಪರಿಶೀಲನೆ ಯಾವುದೂ ಇರಲಿಲ್ಲ. ಬಹುಶಃ ಅದಕ್ಕೇ ಗೋಡೆ ನಿಂತಿದೆ.

ಅವನ ಮೇಸ್ತ್ರಿಗಳಿಗೆ ಗೊತ್ತಿದ್ದದ್ದು ಎರಡೇ ವಿಷಯ. ಒಂದು, ಚಿರೇಕಲ್ಲು ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಸ್ಥಳೀಯ ಕಲ್ಲು, ಸ್ಥಳೀಯ ಮಳೆಗೆ ತಕ್ಕದ್ದು. ಎರಡು, ಈ ಕರಾವಳಿಯ ಗುಡ್ಡಗಳ ಮೇಲೆ ಚಿರೇಕಲ್ಲಿನ ಟೊಪ್ಪಿಗೆ, ಅದರ ಕೆಳಗೆ ಶೇಡಿ ಮಣ್ಣು. ಟೊಪ್ಪಿಗೆ ತೆಗೆದು ಬದಿಯನ್ನು ಬತ್ತಲೆ ಮಾಡಿದರೆ ಮಳೆ ನೀರು ಇಳಿದು ಶೇಡಿ ಮಣ್ಣು ಜಾರುತ್ತದೆ. ಆದ್ದರಿಂದ ಅವರು ಗುಡ್ಡದ ಇಳಿಜಾರನ್ನು ಹಾಗೇ ಬಿಟ್ಟು ಮೇಲೆ ಗೋಡೆ ಕಟ್ಟಿದರು. ಇಳಿಜಾರೇ ಅವರ ಮೊದಲ ಗೋಡೆ.

ನಮ್ಮವರು ಹಿಟಾಚಿ ತಂದು ಗುಡ್ಡವನ್ನು ನೆಟ್ಟಗೆ ಕತ್ತರಿಸಿದರು. ಸದಾಶಿವಗಡದಲ್ಲಿ ಕೋಟೆ ಹೋಯಿತು, ಕಲ್ಲು ತಾನೇ ಎಂದು ಸುಮ್ಮನಾದೆವು. ಅಂಕೋಲೆಯ ಶಿರೂರಿನಲ್ಲಿ ಜನ ಹೋದರು.

2024ರ ಜುಲೈ 16. ಅದೇ 66ನೇ ಹೆದ್ದಾರಿ. ಮಳೆಗೆ ಗುಡ್ಡ ಜಾರಿ ರಸ್ತೆ ಬದಿಯ ಚಹಾದಂಗಡಿಯನ್ನೂ ನಿಂತ ಲಾರಿಗಳನ್ನೂ ಎಳೆದುಕೊಂಡು ಗಂಗಾವಳಿಗೆ ಬಿತ್ತು. ನದಿಯ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. 11 ಜೀವ ಹೋದವು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಇಬ್ಬರ ಮನೆಯವರಿಗೆ ಪೂರ್ತಿ ದೇಹವೂ ಸಿಗಲಿಲ್ಲ. ಭೂಗರ್ಭ ತಜ್ಞರು ಬಂದು ನೋಡಿ, ರಸ್ತೆಗಾಗಿ ಗುಡ್ಡದ ಬುಡ ಕಡಿದದ್ದನ್ನು ಕಾರಣಗಳಲ್ಲಿ ಸೇರಿಸಿದರು. ಊರವರು ಅದನ್ನು ಕಡಿಯುವಾಗಲೇ ಹೇಳಿದ್ದರು. ಊರವರ ಹತ್ತಿರ ಲೆಟರ್‌ಹೆಡ್ ಇರಲಿಲ್ಲ.

ಠಾಕೂರರು ಕಾರವಾರದಲ್ಲಿ ಕೂತು ಬರೆದ ನಾಟಕದ ಹೆಸರು "ಪ್ರಕೃತಿರ್ ಪ್ರತಿಶೋಧ", ಪ್ರಕೃತಿಯ ಸೇಡು. ನಮ್ಮವರು ಅದನ್ನು ಓದಿಲ್ಲ. ರಂಗಸಜ್ಜಿಕೆ ಮಾತ್ರ ಊರೂರಲ್ಲೂ ತಯಾರು ಮಾಡಿಟ್ಟಿದ್ದಾರೆ, ಟೆಂಡರು ಕರೆದು.

ಅದೇ ಹೆದ್ದಾರಿಯಲ್ಲಿ ಅಂಕೋಲೆಯ ಹಟ್ಟಿಕೇರಿಯಲ್ಲಿ ಟೋಲ್ ನಾಕಾ ಇದೆ. ರಸ್ತೆ ಪೂರ್ತಿಯಾಗುವ ಮೊದಲೇ ವಸೂಲಿ ಶುರುವಾಯಿತು. ಜನ ಪ್ರತಿಭಟಿಸಿದರು. ನಾಕಾದಲ್ಲಿ ಬೀಪ್ ಶಬ್ದ ಮಾತ್ರ ನಿಲ್ಲಲಿಲ್ಲ. ಶಿವಾಜಿ ಕಾಣಿಕೆ ಎತ್ತಿದ್ದು ಪರದೇಶದ ಕಂಪನಿಯಿಂದಲೂ, ಊರಿಗೆ ನುಗ್ಗಿ ಬಂದು, ಕತ್ತಿ ಹಿರಿದು. ಈಗ ಕಂಪನಿಗಳು ನಮ್ಮಿಂದ ಎತ್ತುತ್ತವೆ. ಕತ್ತಿ ಬೇಡ, ಗಾಜಿಗೆ ಅಂಟಿಸಿದ ಚೀಟಿ ಸಾಕು. ದಿನವೂ ಎತ್ತುತ್ತವೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಇತಿಹಾಸದಲ್ಲಿ ಲೂಟಿ ಎಂದು ಬರೆದದ್ದು ಯಾವುದನ್ನು ಅಂದಿರಿ?

ಇನ್ನು ಪ್ರವಾಸೋದ್ಯಮ.

ಕೋಟೆಯ ಗುಡ್ಡದ ಮೇಲೆ ವಿಹಾರಧಾಮವಿದೆ. ಅಲ್ಲಿ ಉಳಿದವರಿಗೆ ಕಾಳಿ ಸಮುದ್ರ ಸೇರುವ ನೋಟ ಸಿಗುತ್ತದೆ. ಒಳ್ಳೆಯ ನೋಟ. ಒಂದು ಕಾಲದಲ್ಲಿ ಅದಕ್ಕಾಗಿ ಯುದ್ಧ ಮಾಡಬೇಕಿತ್ತು, ಈಗ ಮುಂಗಡ ಕಾದಿರಿಸಿದರೆ ಸಾಕು. ತಕರಾರು ಅದರದ್ದಲ್ಲ. ನೋಟಕ್ಕೆ ದರಪಟ್ಟಿ ಇದೆ, ಕೋಟೆಗೆ ಒಂದು ನೆಟ್ಟಗಿನ ಫಲಕವಿಲ್ಲ ಎಂಬುದು ತಕರಾರು. ಯಾರು ಕಟ್ಟಿದರು, ಯಾವಾಗ, ಯಾರು ಹಿಡಿದರು ಎಂದು ಹತ್ತು ಸಾಲು ಬರೆಯಲು ಎಷ್ಟು ಕೋಟಿ ಬೇಕು?

ಇಲ್ಲಿ ದುರ್ಗಾದೇವಿಯ ಗುಡಿ ಇದೆ, ಆಚೆ ದರ್ಗಾ ಇದೆ. ಎರಡೂ ಸ್ವಚ್ಛವಾಗಿವೆ. ದೀಪ ಇದೆ, ಗುಡಿಸುವವರಿದ್ದಾರೆ, ಸುಣ್ಣ ಬಣ್ಣ ಆಗುತ್ತದೆ. ಕಾರಣ ಸರಳ. ಅವುಗಳ ಹಿಂದೆ ಇಲಾಖೆ ಇಲ್ಲ, ಭಕ್ತರಿದ್ದಾರೆ. ಕೋಟೆಗೆ ಭಕ್ತರಿಲ್ಲ, ಅಭಿಮಾನಿಗಳು ಮಾತ್ರ. ಅಭಿಮಾನಿಗಳು ಕಸ ಗುಡಿಸುವುದಿಲ್ಲ.

ಭಾನುವಾರ ಬಂದು ನೋಡಿ. ಮದುವೆಗೆ ಮುಂಚಿನ ಫೋಟೋ ಶೂಟ್ ನಡೆದಿರುತ್ತದೆ. ಹುಡುಗ ಬುರುಜಿನ ಮೇಲೆ, ಹುಡುಗಿಯ ಸೀರೆ ಗಾಳಿಗೆ, ತಲೆ ಮೇಲೆ ಡ್ರೋನ್. ಬಣ್ಣದ ಹೊಗೆ ಉಗುಳುವ ಡಬ್ಬಿ ಹಚ್ಚಿ ಗೋಡೆಗೆ ಗುಲಾಬಿ ಮಸಿ ಬಳಿದು ಹೋಗುತ್ತಾರೆ. ಕೋಟೆ ಅವರಿಗೆ ಹಿನ್ನೆಲೆ ಪರದೆ. ಕೆಳಗಿನ ಸೋಡಾ ಅಂಗಡಿಯಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಕೇಳುತ್ತಾರೆ, "ಮ್ಯಾಲೆ ನೋಡೂದು ಏನೈತ್ರೀ?" ಅಂಗಡಿಯವರು ಬಾಟಲಿ ಒರೆಸುತ್ತ ಹೇಳುತ್ತಾರೆ, "ಎಂತ ಇಲ್ಲ ಮಾರಾಯ್ರೆ. ಕಲ್ಲು." ಹುಬ್ಬಳ್ಳಿಯವರು ಗೋವಾ ಕಡೆಗೆ ಗಾಡಿ ತಿರುಗಿಸುತ್ತಾರೆ. ಜಿಲ್ಲೆಯ ಪ್ರವಾಸೋದ್ಯಮ ನೀತಿಯನ್ನು ಎರಡು ಮಾತಿನಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಗಡಿ ದಾಟಿದರೆ ಕಾಣಕೋಣದಲ್ಲಿ ಕಾಬೋ ದ ರಾಮಾ ಕೋಟೆ. ಅದೂ ಒಂದು ಕಾಲಕ್ಕೆ ಸೋದೆಯವರದ್ದೇ. ಒಂದೇ ಅರಸು ಮನೆತನದ ಎರಡು ಕೋಟೆ, ನಡುವೆ ಒಂದು ರಾಜ್ಯದ ಗಡಿ. ಆಚೆಯದ್ದನ್ನು ನೋಡಲು ನಮ್ಮೂರಿನವರೇ ಹೋಗಿ, ಸೆಲ್ಫಿ ತೆಗೆದು, "ವಾವ್ ಗೋವಾ" ಎಂದು ಹಾಕುತ್ತಾರೆ. ಈಚೆಯದ್ದರ ನಡುವೆ ಗಾಡಿ ಓಡಿಸಿಕೊಂಡೇ ಅಲ್ಲಿಗೆ ಹೋಗಿರುತ್ತಾರೆ. ತಪ್ಪೇನಿಲ್ಲ ಬಿಡಿ. ಸೋದೆಯ ಕೊನೆಯ ಅರಸನೇ ಗೋವಾಕ್ಕೆ ಹೋದ. ಕೆಲಸಕ್ಕೆ ಬೆಳಗಿನ ರೈಲು ಹಿಡಿದು ನಮ್ಮ ಹುಡುಗರು ಗೋವಾಕ್ಕೆ ಹೋಗುತ್ತಾರೆ. ತಲೆಗೆ ಪೆಟ್ಟಾದರೆ ಬಾಂಬೋಳಿಯ ಆಸ್ಪತ್ರೆಗೆ ಆಂಬುಲೆನ್ಸ್ ಗೋವಾಕ್ಕೆ ಹೋಗುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಆಗಲೂ ವೇದಿಕೆಯ ಮೇಲಿನವರು ಒಂದು ವಿಷಯದಲ್ಲಿ ನಮ್ಮನ್ನು ಸಮಾಧಾನ ಮಾಡಿದರು: ಜಿಲ್ಲೆಯಲ್ಲಿ ವಿಪುಲ ಅವಕಾಶವಿದೆ.

ಕಾರವಾರದ ಎದುರಿಗೆ ಸಮುದ್ರದಲ್ಲೂ ಕೋಟೆಗಳಿವೆ. ಕೂರ್ಮಗಡಕ್ಕೆ ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ದೋಣಿ ತುಂಬಿ ಜನ ಹೋಗುತ್ತಾರೆ. ಮರುದಿನ ದ್ವೀಪಕ್ಕೆ ಮತ್ತೆ ಒಂದು ವರ್ಷದ ರಜೆ. ಅಂಜುದೀವಿಯದ್ದು ಬೇರೆ ಕತೆ. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ ದ್ವೀಪ, 1505ರಲ್ಲಿ ಪೋರ್ಚುಗೀಸರು ಕೋಟೆ ಎಬ್ಬಿಸಿದ ದ್ವೀಪ. 1961ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಜೀವ ಕೊಟ್ಟರು. ಈಗ ನೌಕಾನೆಲೆಯ ಭಾಗ, ಕಾಲಿಡುವಂತಿಲ್ಲ. ದೇಶದ ರಕ್ಷಣೆ ದೊಡ್ಡದು, ಒಪ್ಪಿದೆವು. ಅರ್ಗಾ, ಬಿಣಗಾ ಕಡೆಯವರು ಮನೆ, ಗದ್ದೆ, ಕಡಲು ಎಲ್ಲ ಬಿಟ್ಟುಕೊಟ್ಟು ಒಪ್ಪಿದರು. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್ಎಸ್ ಕದಂಬ ಉದ್ಘಾಟನೆಯಾಯಿತು. ಪರಿಹಾರದ ವ್ಯಾಜ್ಯ ಮಾತ್ರ ಅಪ್ಪನಿಂದ ಮಗನಿಗೆ ಇಳಿದು ಬಂತು. ನೋಡಿ, ಇಲ್ಲಿ ವಂಶಪಾರಂಪರ್ಯವಾಗಿ ಜೋಪಾನವಾದ ಪರಂಪರೆ ಅದೊಂದೇ.

ಅಂಕೋಲೆಯನ್ನು ಮರೆತಿಲ್ಲ. ಅಲ್ಲಿ ಸರ್ಪಮಲ್ಲಿಕನ ಹೆಸರು ಹೇಳುವ ಹಳೇ ಕೋಟೆಯ ಅವಶೇಷವಿದೆ. ಅವಶೇಷ ಎಂದರೆ ಅದರ ಶೇಷವೂ ಅಷ್ಟಕ್ಕಷ್ಟೇ. ಬ್ರಿಟಿಷರ ಕಾನೂನು ಮುರಿದು 1930ರಲ್ಲಿ ಉಪ್ಪು ಮಾಡಿದ ಊರು ಇದು. ಕರ್ನಾಟಕದ ಬಾರ್ಡೋಲಿ ಎಂದು ಹೆಸರಾಗಿದ್ದು ಸುಮ್ಮನಲ್ಲ. ಅಂಥ ಊರಿನ ಕೋಟೆಯ ಕಲ್ಲು ಎಲ್ಲಿ ಹೋಯಿತು ಎಂದು ಕೇಳಬೇಡಿ. ಇದೇ ತಾಲ್ಲೂಕಿನ ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಸರಕಾರವೇ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಮಾಯವಾಯಿತು. ಸೀಲು ಹಾಕಿದ್ದೇ ಉಳಿಯದ ಕಡೆ ಸೀಲು ಹಾಕದ ಕಲ್ಲು ಉಳಿಯಬೇಕಿತ್ತೆ?

ಎಲ್ಲ ತಪ್ಪೂ ಸರಕಾರದ್ದು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕರಾವಳಿಯ ಹಳೇ ಕೋಟೆಗಳ ಸುತ್ತ ಒಂದು ಸುತ್ತು ಹಾಕಿ. ಕಂಪೌಂಡಿನ ಗೋಡೆಯಲ್ಲಿ, ಬಚ್ಚಲ ಕಟ್ಟೆಯಲ್ಲಿ, ಬಾವಿಯ ದಂಡೆಯಲ್ಲಿ ಅಂಚು ಸವೆದ ಹಳೇ ಚಿರೇಕಲ್ಲು ಹೊಸ ಕಲ್ಲಿನ ನಡುವೆ ಮುಖ ಮುಚ್ಚಿಕೊಂಡು ಕೂತಿರುತ್ತದೆ. ಎಲ್ಲಿಂದ ಬಂತು ಎಂದರೆ ಮನೆಯ ಹಿರಿಯರು ಹವಾಮಾನದ ಮಾತು ತೆಗೆಯುತ್ತಾರೆ. ಆ ಮನೆಯ ಹುಡುಗನೇ ಇತಿಹಾಸಕ್ಕೆ ಅವಮಾನವಾಯಿತೆಂದು ವಾಟ್ಸಾಪಿನಲ್ಲಿ ಕೆಂಡ ಕಾರುತ್ತಾನೆ. ಕೋಟೆ ಯಾರದ್ದು ಎಂಬ ಜಗಳಕ್ಕೆ ನೂರು ಜನ. ಕೋಟೆಯ ಪೊದೆ ಸವರಲು ಕರೆದರೆ ಎಲ್ಲರಿಗೂ ಅವತ್ತೇ ಸತ್ಯನಾರಾಯಣ ಪೂಜೆ.

ಮಾಡಲಾಗದ ಕೆಲಸವೇ ಇದು? ಪಕ್ಕದ ಕುಮಟಾ ತಾಲ್ಲೂಕಿನ ಮಿರ್ಜಾನ ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ. ಕೇಂದ್ರ ಪುರಾತತ್ವ ಇಲಾಖೆ ಅಗೆದು, ಬಿದ್ದ ಕಲ್ಲು ಎತ್ತಿ ಕಟ್ಟಿ, ಹುಲ್ಲು ಸವರಿ, ಕಾವಲು ಇಟ್ಟಿತು. ಅದೇ ಚಿರೇಕಲ್ಲು, ಅದೇ ಮಳೆ, ಅದೇ ಅರಳಿ ಬೀಜ. ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಅಲ್ಲಿ ಹೆದ್ದಾರಿ ಸ್ವಲ್ಪ ದೂರದಲ್ಲಿ ಹೋಯಿತು, ಕೋಟೆಯ ಆಯುಷ್ಯ ಗಟ್ಟಿ ಇತ್ತು.

ಸದಾಶಿವಗಡಕ್ಕೆ ಯಾರೂ ಅದ್ಭುತ ಕೇಳುತ್ತಿಲ್ಲ. ಗಾಜಿನ ಸೇತುವೆ ಬೇಡ, ರೋಪ್‌ವೇ ಬೇಡ, ಧ್ವನಿ ಬೆಳಕು ಬೇಡ. ದಯವಿಟ್ಟು ಡಿಪಿಆರ್ ಮಾಡಿಸಬೇಡಿ. ಗೋಡೆಯ ಮೇಲಿನ ಮರಗಳನ್ನು ಬುಡ ಸಮೇತ ಸಾಯಿಸಿ. ಬಿದ್ದ ಕಲ್ಲನ್ನು ಬಿದ್ದಲ್ಲಿಯೇ ಪಟ್ಟಿ ಮಾಡಿ. ಪೊದೆ ಸವರಿ. ಬಸವಲಿಂಗನ ಹೆಸರು ಸೇರಿಸಿ ಒಂದು ಫಲಕ ನೆಡಿ. ಒಬ್ಬ ಕಾವಲುಗಾರನನ್ನು ನೇಮಿಸಿ, ಅವನಿಗೆ ತಿಂಗಳ ಸಂಬಳ ತಿಂಗಳಿಗೇ ಕೊಡಿ. ಉಳಿದ ಗುಡ್ಡಕ್ಕೆ ಇನ್ನು ಹಿಟಾಚಿ ತಾಗಿಸಬೇಡಿ.

ಇಷ್ಟು ಸಣ್ಣ ಕೆಲಸ ಏಕೆ ಆಗುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಸಣ್ಣದು ಎಂಬುದೇ ಅದರ ದೋಷ. ಕಳೆ ಕೀಳುವುದರಲ್ಲಿ ಶೇಕಡಾವಾರು ಇಲ್ಲ. ಪೊದೆ ಸವರಿದ್ದಕ್ಕೆ ಗುದ್ದಲಿ ಪೂಜೆ ಇಲ್ಲ, ರಿಬ್ಬನ್ ಇಲ್ಲ, ಹೆಸರು ಕೆತ್ತಿದ ಕಪ್ಪು ಕಲ್ಲು ಇಲ್ಲ. ಕೋಟೆ ಉಳಿದರೆ ಯಾರಿಗೂ ಏನೂ ಗಿಟ್ಟುವುದಿಲ್ಲ. ಬಿದ್ದರೆ ಪುನರ್‌ನಿರ್ಮಾಣದ ಅಂದಾಜು ಪಟ್ಟಿ ತಯಾರಾಗುತ್ತದೆ. ಬೀಳುವುದನ್ನು ಕಾಯುತ್ತಿರುವವರ ತಾಳ್ಮೆ ಬಹಳ ದೊಡ್ಡದು.

ದುಡ್ಡಿಲ್ಲ ಎಂದು ಮಾತ್ರ ಹೇಳಬೇಡಿ. ಹಟ್ಟಿಕೇರಿ ನಾಕಾದ ಒಂದು ದಿನದ ವಸೂಲಿ ಇತ್ತ ಕೊಡಿ. ಕೋಟೆ ಸೀಳಿದ್ದು ಆ ಹೆದ್ದಾರಿ, ಶಿರೂರಿನ ಗುಡ್ಡ ಕಡಿದದ್ದು ಆ ಹೆದ್ದಾರಿ. ಅದರ ದುಡ್ಡಿನಲ್ಲಿ ಒಬ್ಬ ಕಾವಲುಗಾರನ ಸಂಬಳ ಹುಟ್ಟದಿದ್ದರೆ, ಮುಂದಿನ ಸೆಪ್ಟೆಂಬರಿನ ಶಾಲು, ಶಿರಾದ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂದು ವೇದಿಕೆಯ ಮೇಲೆಯೇ ಲೆಕ್ಕ ಕೊಡಿ. ಕೇಳಿಸಿಕೊಳ್ಳಲು ನಾವು ಬರುತ್ತೇವೆ. ಚಪ್ಪಾಳೆ ಈ ಸಲ ನಿಮ್ಮವರೇ ತಟ್ಟಿಕೊಳ್ಳಲಿ.